ಕೈತುಂಬ ಯಾರದೋ ಬಳೆ

ಹೆದರಿಕೆಗೂ ಓದಿಗೂ ಸಂಬಂಧವಿಲ್ಲ ಎನ್ನುವುದು ನನಗೆ ತಡವಾಗಿ ಗೊತ್ತಾಯಿತು. ನಾನು ನರ್ಸಿಂಗ್ ಓದಿದವಳು. ರಕ್ತ ಕಂಡರೆ ಹೆದರುವುದಿಲ್ಲ, ಹೆಣ ಕಂಡರೆ ಹೆದರುವುದಿಲ್ಲ, ಕುಡಿದು ಬಂದು ಡ್ರಿಪ್ಪಿನ ಕಂಬ ಹಿಡಿದು ಯುದ್ಧಕ್ಕೆ ನಿಲ್ಲುವ ಗಂಡಸರಿಗೂ ಹೆದರುವುದಿಲ್ಲ. ಹಾವು ಕಚ್ಚಿಸಿಕೊಂಡವನೊಬ್ಬ ಕಚ್ಚಿದ ಹಾವನ್ನೇ ಚೀಲದಲ್ಲಿ ಹಾಕಿಕೊಂಡು ಬಂದು, "ಇದೇ ನೋಡ್ರಿ ಮೇಡಂ, ಇನ್ನಾ ಜೀವ ಐತೆ" ಎಂದು ಮೇಜಿನ ಮೇಲೆ ಇಟ್ಟಾಗ ಕುರ್ಚಿ ಹತ್ತಿದವರು ಡಾಕ್ಟರು, ನಾನಲ್ಲ. ಇಂಥ ನಾನು ಈಗ ಗಾಜಿನ ಬಳೆಗೆ ಹೆದರುತ್ತೇನೆ. ಇದನ್ನು ಕೇಳಿದವರು ನಗುತ್ತಾರೆ. ನಗಲಿ, ನಗುವಂಥದ್ದೇ. ಆದರೆ ಪೂರ್ತಿ ಕೇಳಿ ನಗಬೇಕು.

ನಾನು ಕೆಲಸ ಮಾಡುವುದು ಹಿರಿಯೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. ಹೋದ ವರ್ಷ ನನ್ನ ಯಜಮಾನರು ತೀರಿಕೊಂಡರು. ರಜೆ ಮುಗಿಸಿ ಮರಳಿ ಬಂದ ದಿನವೇ ನಮ್ಮ ಡಾಕ್ಟರು ಕರೆದು, "ಸಿಸ್ಟರ್, ಇನ್ನು ನೀವು ವಾರ್ಡಿನ ಓಡಾಟ ಬಿಡಿ, ಹುಡುಗಿಯರಿಗೆ ಕೆಲಸದ ಮಾನದಂಡಗಳನ್ನು ಅರ್ಥ ಮಾಡಿಸಿ" ಎಂದು ಒಂದು ಪುಸ್ತಕ ಕೊಟ್ಟರು. ದಾದಿಯರು ಹೇಗೆ ನಡೆದುಕೊಳ್ಳಬೇಕು, ಏನು ಮಾಡಬೇಕು, ಏನು ಮಾಡಕೂಡದು ಎಂಬುದೆಲ್ಲ ಇಂಗ್ಲಿಷಿನಲ್ಲಿ ಇರುವ, ರುಬ್ಬುಗುಂಡಿನಷ್ಟು ಭಾರದ ಪುಸ್ತಕ. "ಓದಿ ಹೇಳಬೇಡಿ, ನಿದ್ದೆ ಮಾಡ್ತಾರೆ. ದಿನಾ ಮಾಡೋ ಕೆಲಸದಲ್ಲೇ ತೋರಿಸಿ" ಎಂದರು. ಅವರಿಗೆ ನನ್ನ ಮೇಲೆ ಕನಿಕರ. ದುಃಖದಲ್ಲಿರುವವರ ಕೈಗೆ ಏನಾದರೂ ಭಾರದ್ದನ್ನು ಕೊಟ್ಟರೆ ದುಃಖ ಕೆಳಗಿಟ್ಟು ಅದನ್ನು ಹಿಡಿದುಕೊಳ್ಳುತ್ತಾರೆ ಎಂದು ಎಲ್ಲೋ ಕೇಳಿರಬೇಕು.

ಮೊದಮೊದಲು ಸಲೀಸಾಗಿಯೇ ಹೋಯಿತು. ರೋಗಿಯನ್ನು ಗೌರವದಿಂದ ಮಾತನಾಡಿಸಬೇಕು ಎನ್ನುವುದು ಒಂದು ಮಾನದಂಡ. ನಮ್ಮ ಕಡೆ ಪ್ರೀತಿ ಹೆಚ್ಚಾದಷ್ಟೂ ಮಾತು ಒರಟು. "ಏನಜ್ಜ, ಇನ್ನಾ ಇಲ್ಲೇ ಬಿದ್ದಿದೀಯಾ?" ಎಂದರೆ ಜ್ವರ ಬಿಟ್ಟಿತೇ ಎಂದು ಅರ್ಥ. ಅದನ್ನು ತಿದ್ದಿದೆ. ಹುಡುಗಿಯರು ಮರುದಿನ ಅಜ್ಜನ ಮುಂದೆ ಕೈಕಟ್ಟಿ ನಿಂತು, "ತಾವು ಹೇಗಿದ್ದೀರಿ? ದಯವಿಟ್ಟು ಮಾತ್ರೆ ತೆಗೆದುಕೊಳ್ಳಿ" ಎಂದರು. ಅಜ್ಜನಿಗೆ ಗಾಬರಿಯಾಯಿತು. ಮಗನನ್ನು ಹತ್ತಿರ ಕರೆದು, "ಲೇ, ನನಗೇನೋ ದೊಡ್ಡದೇ ಬಂದೈತೆ ಕಣಲೇ, ಇವ್ರೆಲ್ಲ ಬಹುವಚನದಾಗೆ ಮಾತಾಡ್ತಾವ್ರೆ. ಮನೆಗೆ ಹೋಗಾಣ ನಡಿ" ಎಂದು ಹಟ ಹಿಡಿದ. ಪರೀಕ್ಷೆ ಮಾಡುವಾಗ ಪರದೆ ಎಳೆಯಬೇಕು ಎನ್ನುವುದು ಇನ್ನೊಂದು. ಕುರಿ ಕಾಯುವ ಮನೆತನದ ಅಜ್ಜಿಯೊಬ್ಬಳು ಎಳೆದ ಪರದೆಯನ್ನು ಎಳೆದೆಳೆದು ತೆಗೆದಳು. "ನಾನೇನು ಹೊಸ ಮದುಮಗಳೇನಮ್ಮ? ಗಾಳಿ ಬರ್ಲಿ ಬಿಡು. ಹೊರಗೆ ಕುಂತಿರೋ ಮೊಮ್ಮಗ ಕುರಿ ಎಣಿಸಿದ್ನೋ ಇಲ್ವೋ ಕೇಳ್ಬೇಕು" ಎಂದಳು. ತಪ್ಪಾದರೆ ಮುಚ್ಚಿಡಬಾರದು, ಯಾರಿಗೆ ತೊಂದರೆ ಆಗಬಹುದೋ ಅವರಿಗೆ ತಕ್ಷಣ, ನೇರವಾಗಿ ಹೇಳಬೇಕು ಎನ್ನುವುದು ಮತ್ತೊಂದು. ಇದನ್ನು ನಾನು ಬಹಳ ಚೆನ್ನಾಗಿ ಹೇಳಿಕೊಟ್ಟೆ. ಹುಡುಗಿಯರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಮುಂದೆ ಇದು ನನ್ನ ಬುಡಕ್ಕೇ ಬರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು!

ತೊಡಕಾದದ್ದು ಕೈಯ ಮಾನದಂಡದಲ್ಲಿ. ರೋಗಿಯನ್ನು ಮುಟ್ಟುವ ದಾದಿಯ ಮೊಣಕೈಯಿಂದ ಕೆಳಗೆ ಏನೂ ಇರಬಾರದು. ಉಂಗುರ ಬೇಡ, ಗಡಿಯಾರ ಬೇಡ, ಬಳೆ ಬೇಡ. ಎಷ್ಟು ಸೋಪು ಹಚ್ಚಿ ತೊಳೆದರೂ ಬಳೆಯ ಕೆಳಗೆ ಕೊಳೆ ಉಳಿಯುತ್ತದೆ. ಆ ಕೊಳೆ ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಬಳೆಯ ಮೇಲೆ ಕೂತು ಸವಾರಿ ಹೋಗುತ್ತದೆ. ನಮ್ಮಲ್ಲಿ ಹಸುಗೂಸುಗಳ ಕೋಣೆಯೊಂದಿದೆ. ತೂಕ ಕಡಿಮೆ ಹುಟ್ಟಿದವು, ತಿಂಗಳು ತುಂಬುವ ಮೊದಲೇ ಬಂದುಬಿಟ್ಟವು ಅಲ್ಲಿ ಇರುತ್ತವೆ. ಬೆಕ್ಕಿನ ಮರಿಗಿಂತ ಸ್ವಲ್ಪ ದೊಡ್ಡವು. ಅವುಗಳಲ್ಲಿ ಒಂದಕ್ಕೆ ಹೊಕ್ಕಳಲ್ಲಿ ಕೀವಾಯಿತು. ಹುಷಾರಾಯಿತು, ಪುಣ್ಯ. ಆದರೆ ಡಾಕ್ಟರು ಬಳೆಯ ವಿಷಯದಲ್ಲಿ ಹಟ ಹಿಡಿದರು. ಕೈ ತೊಳೆದಮೇಲೂ ಎಲ್ಲಿ ಕೊಳೆ ಉಳಿದಿದೆ ಎಂದು ನೀಲಿ ದೀಪದಲ್ಲಿ ಹೊಳೆದು ತೋರಿಸುವ ಒಂದು ಪುಡಿ ತರಿಸಿದರು. ಪುಡಿ ಹಚ್ಚಿ, ಕೈ ತೊಳೆಸಿ, ಕೋಣೆ ಕತ್ತಲು ಮಾಡಿ, ದೀಪ ಹಿಡಿದೆ. ಕೈಯೆಲ್ಲ ಕಪ್ಪಗೆ ಕಂಡಿತು. ಬಳೆಗಳು ಮಾತ್ರ ನಕ್ಷತ್ರಗಳ ಹಾಗೆ ಹೊಳೆದವು. "ನೋಡಿದಿರಾ?" ಎಂದೆ. ಕತ್ತಲಲ್ಲಿ ಮಂಜುಳಾಳ ದನಿ ಬಂತು: "ಎಷ್ಟು ಚೆಂದ ಕಾಣ್ತಾವಲ್ಲ ಸಿಸ್ಟರ್! ಮದುವೆ ಮನೆಯಾಗೆ ಈ ಲೈಟ್ ಹಾಕಿಸ್ಬೇಕು."

ಮಂಜುಳಾ ಹಸುಗೂಸುಗಳ ಕೋಣೆಯ ನರ್ಸು. ಅಲ್ಲಿನ ಕೂಸುಗಳಿಗೆ ಅವಳ ಕೈಯೆಂದರೆ ಆಗುತ್ತದೆ. ಯಾರು ಎತ್ತಿದರೂ ಅಳುವ ಕೂಸು ಅವಳು ಎತ್ತಿದರೆ ಕಣ್ಣು ಮುಚ್ಚುತ್ತದೆ. ಅವಳ ಗಂಡ ರಂಗನಾಥ ಹೆದ್ದಾರಿಯ ಲಾರಿ ಡ್ರೈವರು. ತೆಂಗಿನಕಾಯಿ ಹೇರಿಕೊಂಡು ಹೋದರೆ ಯಾವತ್ತು ಬರುತ್ತಾನೆಂದು ಅವನಿಗೂ ಗೊತ್ತಿರುವುದಿಲ್ಲ. ನಾನು ಬಳೆ ತೆಗೆಯಿರಿ ಎಂದಾಗ ಅವಳ ನಗು ನಿಂತುಹೋಯಿತು. "ಇದೊಂದು ಬಿಡ್ರಿ ಸಿಸ್ಟರ್. ಪರದೆ ಎಳಿ ಅಂದ್ರಿ, ಎಳೆದ್ವಿ. ಬಹುವಚನ ಅಂದ್ರಿ, ಅಂದ್ವಿ. ಬಳೆ ತೆಗಿ ಅನ್ನಬ್ಯಾಡ್ರಿ. ಅವ್ರು ರೋಡ್ ಮ್ಯಾಲೆ ಇರ್ತಾರೆ." ಹೀಗೆಂದು ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಉಳಿದ ಹುಡುಗಿಯರೂ ಎಳೆದುಕೊಂಡರು. ಆಮೇಲೆ ಎಲ್ಲರ ಕಣ್ಣೂ ಮೆಲ್ಲಗೆ ಬಂದು ನನ್ನ ಕೈಮೇಲೆ ನಿಂತವು. ನನ್ನ ಎರಡು ಕೈಯೂ ಮೊಣಕೈಯಿಂದ ಬೆರಳ ತುದಿಯವರೆಗೆ ಮಾನದಂಡಕ್ಕೆ ಸರಿಯಾಗಿದ್ದವು. ಈಜು ಕಲಿಸಲು ಮುಳುಗಿದವನನ್ನೇ ಕರೆತಂದು ದಡದಲ್ಲಿ ನಿಲ್ಲಿಸಿದಂತಾಯಿತು. ನಮ್ಮ ಡಾಕ್ಟರಿಗೆ ಇದು ಹೊಳೆದೇ ಇರಲಿಲ್ಲ. ಗಂಡಸರು, ಪಾಪ.

ಆ ಹುಡುಗಿಯರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಪುಸ್ತಕ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಕೆಲಸದ ಹೊತ್ತಿನಲ್ಲಿ ಬಳೆ ತೆಗೆಯುತ್ತಿದ್ದೆ. ನಾನು ಕಲಿತ ಕಡೆ ಹಾಗೆ ರೂಢಿ ಮಾಡಿಸಿದ್ದರು. ಯಜಮಾನರು ಬಬ್ಬೂರು ಫಾರಂನಲ್ಲಿ ಕೆಲಸಕ್ಕಿದ್ದರು. ಬೆಳಗ್ಗೆ ಸ್ಕೂಟರಿನಲ್ಲಿ ನನ್ನನ್ನು ಆಸ್ಪತ್ರೆಯ ಗೇಟಿಗೆ ಬಿಡುತ್ತಿದ್ದರು. ಇಳಿದು ಬಳೆ ತೆಗೆದು ಕೊಟ್ಟರೆ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಸಂಜೆ ಅದೇ ಗೇಟಿನಲ್ಲಿ ವಾಪಸು ಕೊಡುತ್ತಿದ್ದರು. ಫಾರಂನಲ್ಲಿ ಅವರು ಬಗ್ಗಿದರೆ ಎದ್ದರೆ ಜೇಬು ಸದ್ದು ಮಾಡುತ್ತಿತ್ತಂತೆ. "ಏನಪ್ಪ, ಹೆಂಡ್ತಿ ಎದ್ಯಾಗೇ ಗಲಗಲ ಅಂತಾಳಲ್ಲ" ಎಂದು ಜೊತೆಯವರು ರೇಗಿಸಿದರೆ, "ಮನೆಯಾಗೂ ಹಂಗೇ ಅಂತಾಳೆ. ಇಲ್ಲಾದ್ರೆ ಗುಂಡಿ ಹಾಕ್ಬೋದು" ಎನ್ನುತ್ತಿದ್ದರಂತೆ. ಒಂದು ಮಧ್ಯಾಹ್ನ ಶೇಂಗಾ ಮಡಿಯ ಬದುವಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಹೃದಯ, ಎಂದರು. ಅವರ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಕವರು ಗಲಗಲ ಎಂದಿತು.

ಅವರ ಊರು ಹೊಳಲ್ಕೆರೆ ಕಡೆ, ಬಿ.ದುರ್ಗದ ಹತ್ತಿರ. ತಿಥಿಯ ದಿನ ಬಳೆ ಒಡೆಯಲು ಹಿರಿಯ ಹೆಂಗಸರು ನನ್ನ ಕೈ ಹಿಡಿದು ನೋಡಿದರೆ ಬಳೆಯೇ ಇಲ್ಲ. ಬಂದ ಕೆಲಸ ಹೀಗೆ ನಿಂತರೆ ಯಾರಿಗಾದರೂ ಬೇಸರವೇ. "ಬರೀ ಕೈನ ಏನಂತ ಒಡೆಯಾನ?" ಎಂದು ಅವರವರಲ್ಲೇ ಚರ್ಚೆಯಾಯಿತು. ಯಾರಿಗೋ ಆ ಕವರು ನೆನಪಾಯಿತು. ಕರವಸ್ತ್ರ ಬಿಚ್ಚಿ, ಆ ಬಳೆಗಳನ್ನು ಒಂದೊಂದಾಗಿ ನನಗೆ ತೊಡಿಸಿ, ಆಮೇಲೆ ಒಡೆದರು. ಒಡೆಯುವುದಕ್ಕೆಂದೇ ತೊಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಷ್ಟರ ಮಟ್ಟಿಗೆ ನಾನು ನಕ್ಕುಬಿಡಬೇಕಿತ್ತು. ಆದರೆ ನನ್ನ ಅತ್ತೆಯ ತಂಗಿ ಚೂರು ಗುಡಿಸುತ್ತಾ ಒಂದು ಮಾತು ಅಂದರು: "ದಿನಾ ಬೆಳಗ್ಗೆ ಎದ್ದು ತೆಗ್ದು ತೆಗ್ದು, ಈ ದಿನಾನ ತಾನೇ ಕರಕಂಡ್ಲು ನೋಡು." ಆ ಮಾತು ನನ್ನೊಳಗೆ ಹೋಗಿ ಕೂತುಬಿಟ್ಟಿತು. ಹೃದಯದ ರಕ್ತನಾಳ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ನಾನು ಚಿತ್ರ ಬರೆದು ತೋರಿಸಬಲ್ಲೆ. ಆದರೂ ಬೆಳಗಿನ ಜಾವ ಎಚ್ಚರವಾದರೆ ಆ ಚಿತ್ರದಲ್ಲಿ ಬಳೆಯೊಂದು ಸಿಕ್ಕಿಕೊಂಡಿರುತ್ತದೆ. ಈಗ ಹೇಳಿ, ಇನ್ನೊಬ್ಬಳಿಗೆ ಬಳೆ ತೆಗಿ ಎಂದು ಯಾವ ಬಾಯಲ್ಲಿ ಹೇಳಲಿ? ನಾಳೆ ಆ ಲಾರಿಗೆ ಏನಾದರೂ ಆದರೆ?

ದಾರಿ ಹುಡುಕಿದವಳು ನಮ್ಮ ಆಯಾ ಕೆಂಚಮ್ಮ. ನೆಲ ಒರೆಸುತ್ತಾ ನಮ್ಮ ವಾದವನ್ನೆಲ್ಲ ಕೇಳಿಸಿಕೊಂಡಿದ್ದವಳು ಒರೆಸುವ ಕೋಲು ಗೋಡೆಗೆ ಒರಗಿಸಿ ಹೇಳಿದಳು: "ಬಳೆ ಕೈಮ್ಯಾಲೆ ಇರ್ಬೇಕು ಅಷ್ಟೇ ತಾನೆ? ಯಾರ ಕೈ ಅಂತ ಎಲ್ಲೈತೆ? ಈ ಸಿಸ್ಟ್ರಮ್ಮನ ಕೈಗೆ ಹಾಕ್ರಿ." ನಾನು ಎದ್ದು ನಿಂತೆ. "ನನ್ನ ಕೈಗಾ? ಏನು ಮಾತು ಅಂತ ಆಡ್ತೀಯ ಕೆಂಚಮ್ಮ!" "ಕುಂತ್ಕಳ್ರಿ ಸಿಸ್ಟ್ರಮ್ಮ. ಕಳ್ಳ ಒಂದ್ಸಲ ದೋಚ್ಕಂಡು ಹೋದ ಮನೆಗೆ ಮತ್ತೆ ಬರ್ತಾನಾ? ಊರಾಗೆ ಎಲ್ಲರ ಮನೆಗಿಂತ ಆ ಮನೆಯೇ ಭದ್ರ. ನಿಮ್ಮ ಕೈ ಹಂಗೆ." ಇಂಥ ಸಮಾಧಾನವನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಬೇಡವೆಂದು ತಲೆಯಾಡಿಸುತ್ತಲೇ ಇದ್ದೆ. ಅಷ್ಟರಲ್ಲಿ ಮಂಜುಳಾ ಮುಂದೆ ಬಂದು, ತನ್ನ ಹಸಿರು ಬಳೆಗಳನ್ನು ಒಂದೊಂದಾಗಿ ಬಿಡಿಸಿ, ನನ್ನ ಎಡಗೈ ಹಿಡಿದು ಏರಿಸಿದಳು. "ಹುಷಾರಾಗಿ ಇಟ್ಕಳ್ರಿ ಸಿಸ್ಟರ್" ಎಂದಳು. ಬಳೆಯನ್ನಲ್ಲ, ರಂಗನಾಥನನ್ನೇ ಕೊಟ್ಟವಳ ದನಿ.

ಅವಳ ಹಿಂದೆ ಉಳಿದವರೂ ಬಂದರು. ಅಂದಿನಿಂದ ದಿನವೂ ಬೆಳಗ್ಗೆ ಡ್ಯೂಟಿ ಶುರುವಾದ ಕೂಡಲೇ ನನ್ನ ಎರಡೂ ಕೈ ಮೊಣಕೈವರೆಗೆ ತುಂಬುತ್ತಿದ್ದವು. ಯಾವ ಬಳೆ ಯಾವ ಗಂಡನದು ಎನ್ನುವುದು ನನಗೆ ಬಾಯಿಪಾಠವಾಯಿತು. ಮುಂಗೈ ಹತ್ತಿರದ ಹಸಿರು ಲಾರಿ. ಅದರ ಹಿಂದಿನ ಚುಕ್ಕೆಯದು ಹೊಸದುರ್ಗದ ಬಸ್ ಕಂಡಕ್ಟರು. ಬಲಗೈಯ ಕೆಂಪು ಔಷಧಿ ಅಂಗಡಿ. ಅದಕ್ಕೆ ಮಾತ್ರ ನಾನು ಅಷ್ಟು ಹೆದರುತ್ತಿರಲಿಲ್ಲ, ಔಷಧಿ ಅಂಗಡಿ ರಸ್ತೆಯ ಮೇಲೆ ಓಡುವುದಿಲ್ಲವಲ್ಲ. ನಡೆದರೆ ಝಲ್ಲೆನ್ನುತ್ತಿತ್ತು. ಕೈ ದೇಹಕ್ಕೆ ತಾಗದ ಹಾಗೆ, ಉತ್ಸವಕ್ಕೆ ಹೊರಟ ಅಮ್ಮನವರ ಹಾಗೆ ನಡೆಯುತ್ತಿದ್ದೆ. ರಕ್ತದೊತ್ತಡಕ್ಕೆ ಬರುವ ಮುದುಕಿಯೊಬ್ಬಳು, "ಒಳ್ಳೇದಾತು ಬಿಡಮ್ಮ, ಇನ್ನೊಂದು ಮದುವೆ ಆದ್ಯಾ?" ಎಂದು ಕೇಳಿಯೇಬಿಟ್ಟಳು. ಡಾಕ್ಟರು ಹುಡುಗಿಯರ ಕೈ ನೋಡಿ ಸಂತೋಷಪಟ್ಟರು. ನನ್ನ ಕೈ ನೋಡಿ, "ಸಿಸ್ಟರ್, ಮಾನದಂಡ?" ಎಂದರು. "ನಾನು ರೋಗಿಗಳನ್ನು ಮುಟ್ಟುವುದಿಲ್ಲ ಸಾರ್" ಎಂದೆ. ಅದು ನಿಜವೇ ಆಗಿತ್ತು. ಇಷ್ಟು ವರ್ಷ ಮುಟ್ಟಿಯೇ ಬದುಕಿದವಳು, ಈಗ ಯಾರನ್ನೂ ಮುಟ್ಟದೆ, ಊರ ಗಂಡಂದಿರನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಿದ್ದೆ. ಸಂಜೆ ಬಳೆಗಳನ್ನು ಒಂದೂ ಒಡೆಯದೆ ವಾಪಸು ಕೊಟ್ಟಮೇಲೆಯೇ ನನಗೆ ಸರಿಯಾಗಿ ಉಸಿರು ಬರುತ್ತಿದ್ದದ್ದು.

ಹೀಗಿರುವಾಗ ಒಂದು ದಿನ, ಔಷಧಿಯ ಸ್ಟೀಲ್ ಬೀರುವಿನ ಬಾಗಿಲು ಎಳೆದೆ. ಅದು ಯಾವಾಗಲೂ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಎಳೆಯಬೇಕು. ಎಳೆದೆ. ಬಾಗಿಲು ಬಂದು ಮುಂಗೈಗೆ ಬಡಿಯಿತು. ಸಣ್ಣ ಸದ್ದು. ಒಂದು ಹಸಿರು ಬಳೆ ಎರಡಾಗಿ ನೆಲದ ಮೇಲೆ ಬಿತ್ತು. ಲಾರಿ!

ನಾನು ಚೂರುಗಳನ್ನು ನೋಡುತ್ತಾ ನಿಂತೆ. ಗಾಜು, ಎಂದುಕೊಂಡೆ. ಮರಳು ಕರಗಿಸಿ ಮಾಡುತ್ತಾರೆ, ಎಂದುಕೊಂಡೆ. ಅಷ್ಟರಲ್ಲಿ ಹೊರಗಿನಿಂದ ಕೆಂಚಮ್ಮ ಓಡಿ ಬಂದಳು. "ಸಿಸ್ಟ್ರಮ್ಮ, ಐಮಂಗಲದ ತಾವ ಲಾರಿ ಬಿದ್ದೈತಂತೆ. ಹೈವೇ ಬಂದಾಗೈತಂತೆ. ಮಂಜಿ ಗಂಡ ಇವತ್ತು ಆ ಕಡೆಯಿಂದ ಬರ್ಬೇಕಿತ್ತಲ್ಲ?" ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಇನ್ನೊಂದು ಕೈಯಲ್ಲಿ ರಂಗನಾಥನ ನಂಬರು ಒತ್ತಿದೆ. ಸ್ವಿಚ್ ಆಫ್. ಮತ್ತೆ ಒತ್ತಿದೆ. ಸ್ವಿಚ್ ಆಫ್.

ತಪ್ಪಾದರೆ ಮುಚ್ಚಿಡಬಾರದು. ತಕ್ಷಣ, ನೇರವಾಗಿ ಹೇಳಬೇಕು. ಹುಡುಗಿಯರಿಗೆ ಹೇಳಿಕೊಟ್ಟ ನನ್ನದೇ ದನಿ ನನಗೆ ಕೇಳಿಸುತ್ತಿತ್ತು. ಎಂಥ ಕಠಿಣವಾದ ಪುಸ್ತಕ ಅದು! ಕಾಲು ಎಳೆದುಕೊಂಡು ಹಸುಗೂಸುಗಳ ಕೋಣೆಗೆ ಹೋದೆ. ಮಂಜುಳಾ ಒಂದು ಸಣ್ಣ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದಳು. ಅವಳ ಬರಿ ಕೈಗಳು ತೊಳೆದು ತೊಳೆದು ಕೆಂಪಗಾಗಿದ್ದವು. ಬಾಗಿಲಲ್ಲೇ ನಿಂತು ಹೇಳಿದೆ. ಬಳೆ ಒಡೆಯಿತು, ಎಂದೆ. ಲಾರಿ ಬಿದ್ದಿದೆಯಂತೆ, ಯಾವುದೆಂದು ಗೊತ್ತಿಲ್ಲ, ಎಂದೆ. ಫೋನು ಸಿಗುತ್ತಿಲ್ಲ, ಎಂದೆ.

ಅವಳ ಮುಖ ಬಿಳಿಚಿತು. ಆದರೆ ಒಳಲೆ ನಡುಗಲಿಲ್ಲ. ಉಳಿದ ಹಾಲನ್ನು ಹನಿಹನಿಯಾಗಿ ಕುಡಿಸಿದಳು. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದಳು. ನಾನು, "ಕೊಡು, ನಾನು ಹಿಡ್ಕೊತೀನಿ" ಎಂದು ಹೆಜ್ಜೆ ಮುಂದಿಟ್ಟೆ. "ನೀವು ಮುಟ್ಟಬ್ಯಾಡ್ರಿ, ಕೈತುಂಬ ಬಳೆ ಅವೆ" ಎಂದಳು. ಆಮೇಲೆ, "ಕೂಸು ತೇಗಲಿ ಸಿಸ್ಟರ್. ಆಮ್ಯಾಲೆ ಅಳ್ತೀನಿ" ಎಂದಳು.

ಇಬ್ಬರೂ ಆ ಕೂಸಿನ ತೇಗಿಗೆ ಕಾಯುತ್ತಾ ನಿಂತೆವು. ಅದು ಯಾವ ಅವಸರವನ್ನೂ ತೋರಿಸಲಿಲ್ಲ. ಬೆನ್ನು ಸವರುತ್ತಲೇ ಮಂಜುಳಾ ಕೇಳಿದಳು: "ನಿಮ್ಮೆಜಮಾನ್ರು ಹೋದಾಗ ನಿಮ್ಮ ಬಳೆ ಎಲ್ಲಿದ್ವು?"

ಯಾರೂ ನನ್ನಲ್ಲಿ ಇದನ್ನು ಕೇಳಿರಲಿಲ್ಲ. "ಅವರ ಜೇಬಿನಲ್ಲಿ" ಎಂದೆ. "ಎದೆಯ ಮೇಲೆ."

"ಒಡೆದಿದ್ವಾ?"

"ಒಂದೂ ಒಡೆದಿರಲಿಲ್ಲ."

ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಅಷ್ಟು ಹತ್ರ ಇದ್ದು, ಒಂದೂ ಒಡೀದೇನೇ, ಏನೂ ಮಾಡ್ಲಿಲ್ಲ ಅವು" ಎಂದಳು. "ಹಂಗಾದ್ರೆ ಇದು ಒಡೆದ್ರೂ ಏನೂ ಮಾಡಾಕಿಲ್ಲ ಬಿಡ್ರಿ. ಕೈಲಾಗದೋವು." ಅಷ್ಟರಲ್ಲಿ ಕೂಸು ತೇಗಿತು. ಮಂಜುಳಾ ಅದನ್ನು ಮಲಗಿಸಿ, ಹೊದಿಸಿ, ಕೈ ತೊಳೆದು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಕೊಟ್ಟ ಮಾತಿನಂತೆ ಅತ್ತಳು. ನಾನು ಪಕ್ಕದಲ್ಲಿ ಕೂತೆ. ಅವಳ ಬೆನ್ನು ಸವರಿದರೆ ಬಳೆಗಳು ಝಲ್ಲೆನ್ನುತ್ತಿದ್ದವು. ಸವರುವುದನ್ನು ನಿಲ್ಲಿಸಿದೆ. ನಿಲ್ಲಿಸಿದರೆ ಇನ್ನೂ ಹೆದರಿಕೆಯಾಗುತ್ತಿತ್ತು.

ರಂಗನಾಥ ಬಂದದ್ದು ಹೊತ್ತು ಇಳಿದ ಮೇಲೆ. ಹೆಗಲ ಮೇಲೆ ಒಂದು ಮೂಟೆ. ಬಿದ್ದದ್ದು ಬೇರೆ ಯಾರದೋ ಈರುಳ್ಳಿ ಲಾರಿ; ಅದರ ಡ್ರೈವರಿಗೆ ಮೊಣಕಾಲು ತರಚಿತ್ತು, ಅಷ್ಟೇ. ರಸ್ತೆ ತುಂಬಾ ಈರುಳ್ಳಿ ಉರುಳಿ ಇವನ ಲಾರಿ ಹಿಂದೆಯೇ ಸಿಕ್ಕಿಕೊಂಡಿತ್ತು, ಫೋನಿನ ಚಾರ್ಜು ಮುಗಿದಿತ್ತು. ಈರುಳ್ಳಿ ಎತ್ತಲು ಕೈ ಹಾಕಿದ್ದಕ್ಕೆ ಒಂದು ಮೂಟೆ ಕೊಟ್ಟಿದ್ದರು. "ಯಾಕ್ರಿ ಎಲ್ರೂ ದೆವ್ವ ಕಂಡಂಗೆ ನೋಡ್ತೀರ?" ಎಂದ. ಮಂಜುಳಾ ಮೂಗು ಒರೆಸಿಕೊಂಡು, "ಬರಾದು ಬಂದ್ರಿ, ಈರುಳ್ಳಿ ಯಾಕೆ ತಂದ್ರಿ? ಆಗ್ಲೇ ಅತ್ತಾಗೈತೆ" ಎಂದಳು. ವಿಷಯವೆಲ್ಲ ಕೇಳಿ ಅವನು ಜೋರಾಗಿ ನಕ್ಕ. "ಇದಕ್ಯಾಕೆ ಸಿಸ್ಟರ್‌ಗೆ ಕಷ್ಟ? ನಾಳೆಯಿಂದ ಆ ಬಳೆ ನನಗೇ ಕೊಡು. ಅಂಗಿ ಜೇಬಾಗೆ ಇಟ್ಕಂಡು ಹೋಗ್ತೀನಿ."

"ಜೇಬಿನಲ್ಲಿ ಬೇಡ!"

ಕೂಗಿದವಳು ನಾನೇ. ವಾರ್ಡಿನ ಕೊನೆಯ ಹಾಸಿಗೆಯವರೂ ತಿರುಗಿ ನೋಡಿದರು. ಹೆದರಿಕೆ ಬಿಡಿಸಬೇಕಾದ ಮೇಲ್ವಿಚಾರಕಿ ನಾನು. ಮಂಜುಳಾಗೆ ಬಿಟ್ಟಿತ್ತು, ನನಗೇ ಹಿಡಿದುಕೊಂಡಿತ್ತು. "ನನ್ನ ಕೈಮೇಲೇ ಇರಲಿ" ಎಂದೆ, ಮೆಲ್ಲಗೆ. "ನನಗೇನೂ ಕಷ್ಟವಿಲ್ಲ." ಮಂಜುಳಾ ನನ್ನ ಮುಖವನ್ನೇ ನೋಡಿದಳು. ಈಗ ಅವಳಿಗೆ ಬಳೆ ಎಲ್ಲಿದ್ದರೂ ಒಂದೇ. ಆದರೂ ಮರುದಿನ ಬೆಳಗ್ಗೆ ಬಂದು, ಹಸಿರು ಬಳೆಗಳನ್ನು ಬಿಡಿಸಿ, ನನ್ನ ಕೈಗೆ ಏರಿಸಿದಳು. ರೋಗಿಗೆ ಯಾವುದರಿಂದ ಸಮಾಧಾನವೋ ಅದನ್ನು ಮಾಡಬೇಕು ಎನ್ನುವುದೂ ಪುಸ್ತಕದಲ್ಲಿದೆ. ನಾನೇ ಹೇಳಿಕೊಟ್ಟಿದ್ದು.

ಒಡೆದ ಒಂದು ಬಳೆಗೆ ಬದಲು ಕೊಡಬೇಕಲ್ಲ, ಬಳೆ ಅಂಗಡಿಗೆ ಹೋದೆ. "ಒಂದೇ ಒಂದು ಹಸಿರು ಬಳೆ ಕೊಡಿ" ಎಂದೆ. ಅಂಗಡಿಯವನು ನನ್ನ ಬರಿ ಕೈ ನೋಡಿದ. "ಒಂದು ಬಳೆ ಯಾರು ತಗಂತಾರಮ್ಮ? ಡಜನ್ ತಗಳ್ರಿ. ಯಾರಿಗೆ, ಮಗಳಿಗಾ?" "ಡ್ಯೂಟಿಗೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಕಾಗದದಲ್ಲಿ ಸುತ್ತಿ ಕೊಟ್ಟ. ಒಂದನ್ನು ಮಂಜುಳಾಗೆ ಕೊಟ್ಟೆ. ಉಳಿದವು ಮನೆಯಲ್ಲಿವೆ.

ಭಾನುವಾರ ನನಗೆ ರಜೆ. ರಜೆಯ ದಿನ ಮೊಣಕೈಯ ಕೆಳಗೆ ಏನಿರಬೇಕು, ಏನಿರಬಾರದು ಎಂದು ಆ ಪುಸ್ತಕ ಏನೂ ಹೇಳುವುದಿಲ್ಲ, ತಿರುವಿ ನೋಡಿದ್ದೇನೆ. ಬಾಗಿಲು ಹಾಕಿಕೊಂಡು ಆ ಬಳೆಗಳನ್ನು ಒಂದೊಂದಾಗಿ ಏರಿಸಿಕೊಳ್ಳುತ್ತೇನೆ. ಪಾತ್ರೆ ತೊಳೆಯುವಾಗ ಎಲ್ಲಿ ಒಡೆದುಬಿಡುತ್ತದೋ ಎಂದು ಹೆದರುತ್ತೇನೆ. ಒಡೆದರೆ ಇನ್ನು ಯಾರಿಗೆ ಏನಾಗಬೇಕು ಎಂದು ಕೇಳಿಕೊಳ್ಳುತ್ತೇನೆ. ಆದರೂ ಪಾತ್ರೆಗಳನ್ನು ಮೆಲ್ಲಗೇ ತೊಳೆಯುತ್ತೇನೆ. ಸೋಮವಾರ ಬೆಳಗ್ಗೆ ಹುಡುಗಿಯರ ಮುಂದೆ ನಿಂತು, ಹೆದರಬೇಡಿ, ಅದು ಬರೀ ಗಾಜು ಎಂದು ಹೇಳಬೇಕಲ್ಲ. ಅಷ್ಟರೊಳಗೆ ತೆಗೆದು ಕರವಸ್ತ್ರದಲ್ಲಿ ಸುತ್ತಿಡುತ್ತೇನೆ.